ಮೂರನೇ ಗೆರೆ

ಪ್ರಶ್ನೆ: ಮೇಡಂ, ನಾನು ಮಂಡ್ಯದಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಮೈಸೂರಿಗೆ ಬಂದಾಗಲೆಲ್ಲ ಪುಸ್ತಕದಂಗಡಿಗೆ ಹೋಗುತ್ತೇನೆ. ಎಷ್ಟೋ ಸಲ ಮುಖಪುಟದಲ್ಲಿ ಹೆಸರು ಬರೆದಿರುವ ರೀತಿ ನೋಡಿಯೇ ಪುಸ್ತಕ ಕೈಗೆತ್ತಿಕೊಳ್ಳುತ್ತೇನೆ. ಸಿನಿಮಾ ಪೋಸ್ಟರ್ ಆದರೂ ಅಷ್ಟೆ, ಹೀರೋಗಿಂತ ಮೊದಲು ಹೆಸರಿನ ಮೇಲೆ ಕಣ್ಣು ಹೋಗುತ್ತದೆ. ಯಾಕೆ ಚೆನ್ನಾಗಿದೆ ಹೇಳು ಅಂತ ಗೆಳೆಯರು ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ. ಅಕ್ಷರಗಳನ್ನು ಹೇಗೆ ನೋಡಬೇಕು?

ಉತ್ತರ: ಕೆಳಗಿನಿಂದ ನೋಡಿ.

ನಮ್ಮಪ್ಪ ಮೈಸೂರಿನ ಚಿತ್ರಮಂದಿರಗಳಿಗೆ ಬೋರ್ಡು ಬರೆಯುತ್ತಿದ್ದರು. ಸೀಮೆಸುಣ್ಣದ ಪುಡಿ ಹಚ್ಚಿದ ದಾರದ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ. ನಡುವೆ ಎಳೆದು ಬಿಟ್ಟರೆ ಟಪ್ಪೆಂದು ಬಿಳಿ ಗೆರೆ ಮೂಡುತ್ತಿತ್ತು. ಮೊದಲ ಗೆರೆ ತಲೆಕಟ್ಟಿಗೆ, ಎರಡನೆಯದು ಅಕ್ಷರದ ಬುಡಕ್ಕೆ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಅಷ್ಟು ಸಾಕು. ಕನ್ನಡಕ್ಕೆ ಮೂರನೇ ಗೆರೆಯೂ ಬೇಕು, ಒತ್ತಕ್ಷರ ಇಳಿಯುವುದಕ್ಕೆ. ‘ಮೊದಲು ಒತ್ತಿಗೆ ಜಾಗ ಇಟ್ಕೊ ಪುಟ್ಟಿ, ಆಮೇಲೆ ಅಕ್ಷರ ಹಾಕು’ ಅನ್ನುತ್ತಿದ್ದರು. ಇವತ್ತಿಗೂ ಯಾವ ಮುಖಪುಟ ನೋಡಿದರೂ ನನ್ನ ಕಣ್ಣು ಮೊದಲು ಆ ಮೂರನೇ ಗೆರೆಯನ್ನು ಹುಡುಕುತ್ತದೆ. ಒತ್ತು ಇರುವೆಯಷ್ಟಾಗಿ ಮುದುರಿಕೊಂಡಿದ್ದರೆ, ಬರೆದವರು ಅದನ್ನು ಕೊನೆಗೆ ತುರುಕಿದ್ದಾರೆ ಎಂದೇ ಲೆಕ್ಕ. ಮೇಲಿನ ಅಕ್ಷರಕ್ಕೆ ಆಧಾರ ಕೊಟ್ಟು ನಿಂತಿದ್ದರೆ ಆ ಕಲಾವಿದರಿಗೆ ಕನ್ನಡ ಗೊತ್ತಿದೆ.

ಆಮೇಲೆ ತಲೆಕಟ್ಟಿಗೆ ಬನ್ನಿ. ‘ಕದನ’ ಎಂದು ಬರೆಯಿರಿ, ಮೂರೂ ಅಕ್ಷರಕ್ಕೆ ತಲೆಕಟ್ಟಿದೆ. ‘ಜಲ’ ಎಂದು ಬರೆಯಿರಿ, ಎರಡಕ್ಕೂ ಇಲ್ಲ. ಒಂದು ಪದ ತುರಾಯಿ ಕಟ್ಟಿಕೊಂಡು ಸಾಲಾಗಿ ನಿಂತ ಹಾಗೆ, ಇನ್ನೊಂದು ದುಂಡಗೆ ಉರುಳಿಕೊಂಡು ಹೋಗುವ ಹಾಗೆ. ಹೆಸರಿನೊಳಗೇ ಇರುವ ಈ ಗುಣ ಒಳ್ಳೆಯ ಕಲಾವಿದರಿಗೆ ಕೂಡಲೇ ಕಾಣುತ್ತದೆ. ತಲೆಕಟ್ಟುಗಳನ್ನೆಲ್ಲ ಒಂದೇ ಗೆರೆಯಲ್ಲಿ ಕೂಡಿಸಿ ಕನ್ನಡವನ್ನು ಹಿಂದಿಯ ಹಾಗೆ ಕಾಣಿಸುವುದು ಈಗ ಪೋಸ್ಟರುಗಳಲ್ಲಿ ಬಹಳವಾಗಿದೆ. ನನಗೆ ಅದು ಒಗ್ಗುವುದಿಲ್ಲ. ಅಕ್ಷರ ಅಕ್ಷರದ ನಡುವೆ ಆಡುವ ಗಾಳಿಯೇ ನಮ್ಮ ಲಿಪಿಯ ಚೆಲುವು.

ಮಹಾಪ್ರಾಣವನ್ನೂ ನೋಡಿ. ‘ಹೊಟ್ಟೆ ಸೀಳು’ ಎಂದು ಮೇಷ್ಟ್ರು ಹೇಳಿಕೊಟ್ಟದ್ದು ನೆನಪಿದೆಯಲ್ಲ? ಅಕ್ಷರವನ್ನು ತೀರಾ ದಪ್ಪ ಮಾಡಿದರೆ ಆ ಸೀಳು ಶಾಯಿಯಲ್ಲಿ ಮುಚ್ಚಿಹೋಗಿ ‘ಧನ’ ಹೋಗಿ ‘ದನ’ ಆಗುತ್ತದೆ. ದಪ್ಪ ಅಕ್ಷರದಲ್ಲೂ ಸೀಳನ್ನು ತೆರೆದಿಟ್ಟವರನ್ನು ಕಂಡರೆ ನನಗೆ ಕೈಮುಗಿಯಬೇಕೆನಿಸುತ್ತದೆ.

ಚಿತ್ರವೂ ಅಕ್ಷರವೂ ಬೇರೆಬೇರೆಯಾಗದ ಹಾಗೆ ಮಾಡುವುದು ಹೇಗೆ ಎಂದು ಕೇಳುವವರಿಗೆ ನಾನು ಹೇಳುವ ಉದಾಹರಣೆ ಬಂಗಾಳಿಯದು. ಸತ್ಯಜಿತ್ ರೇ ಸಿನಿಮಾ ಮಾಡುವುದಕ್ಕೂ ಮುಂಚಿನಿಂದ ಕಲ್ಕತ್ತೆಯ ಸಿಗ್ನೆಟ್ ಪ್ರೆಸ್ಸಿಗೆ ಮುಖಪುಟ ಬರೆಯುತ್ತಿದ್ದರು. ಬೇಟೆಗಾರ ಜಿಮ್ ಕಾರ್ಬೆಟ್ಟರು ಹಿಮಾಲಯದ ಕುಮಾವೂಂ ಸೀಮೆಯ ನರಭಕ್ಷಕ ಹುಲಿಗಳ ಬಗ್ಗೆ ಬರೆದ ಪುಸ್ತಕದ ಬಂಗಾಳಿ ಅನುವಾದಕ್ಕೆ ಅವರು ಇಡೀ ಹೊದಿಕೆಯನ್ನೇ ಹುಲಿಯ ಚರ್ಮ ಮಾಡಿದರು. ಒಂದು ಕಡೆ ಗುಂಡು ಹೊಕ್ಕ ತೂತು, ಇನ್ನೊಂದು ಕಡೆ ಹೊರಬಿದ್ದ ತೂತು. ಹೊರಬಿದ್ದದ್ದು ದೊಡ್ಡದು, ಗುಂಡೇಟಿನಲ್ಲಿ ಆಗುವುದೇ ಹಾಗೆ. ಅಕ್ಷರಗಳು ಆ ತೂತುಗಳೊಳಗೆ. ಬಂದೂಕು ಎಲ್ಲೂ ಇಲ್ಲ! ಅಕ್ಷರದ ಮೇಲೆ ಅವರಿಗೆ ಎಷ್ಟು ಪ್ರೀತಿಯೆಂದರೆ ಇಂಗ್ಲಿಷಿಗೂ ತಾವೇ ಫಾಂಟ್ ರಚಿಸಿದ್ದರು. ರೇ ರೋಮನ್ ಎಂದೇ ಅದರ ಹೆಸರು.

ನಮ್ಮ ಉಪೇಂದ್ರ 2010ರಲ್ಲಿ ಇನ್ನೂ ಮುಂದೆ ಹೋಗಿ, ಸಿನಿಮಾದ ಹೆಸರಿನ ಜಾಗದಲ್ಲಿ ಬರೀ ಕೈಸನ್ನೆ ಇಟ್ಟರು. ಅಕ್ಷರವೇ ಇಲ್ಲದಿದ್ದರೂ ಜನ ಅದನ್ನು ‘ಸೂಪರ್’ ಎಂದು ಓದಿದರು. ಧೈರ್ಯವನ್ನು ಮೆಚ್ಚುತ್ತೇನೆ, ಆದರೂ ನನ್ನ ಮನಸ್ಸು ಅಕ್ಷರದ ಕಡೆಗೇ.

ನಿಮ್ಮೂರಿನ ಹೆಸರನ್ನೇ ತೆಗೆದುಕೊಂಡು ಅಭ್ಯಾಸ ಮಾಡಿ. ‘ಮಂಡ್ಯ’ದಲ್ಲಿ ಡಕಾರದ ಕೆಳಗಿಂದ ಹೊರಟ ಯ-ಒತ್ತು ಬಲಕ್ಕೆ ಬಂದು ಮೇಲಕ್ಕೇಳುತ್ತದೆ. ನನ್ನ ಹತ್ತಿರ ಕಲಿಯುವ ಮಕ್ಕಳೆಲ್ಲ ಮೊದಲ ದಿನವೇ ಅದನ್ನು ಕಬ್ಬಿನ ಗರಿ ಮಾಡುತ್ತಾರೆ. ಗರಿ ಚೆನ್ನಾಗಿಯೇ ಬರುತ್ತದೆ, ಯಕಾರ ಮಾಯವಾಗುತ್ತದೆ. ಕಬ್ಬು ಗೊತ್ತಿಲ್ಲದವರೂ ಅದನ್ನು ‘ಮಂಡ್ಯ’ ಎಂದು ಓದಬೇಕು, ಓದಿ ಮುಗಿಸಿದ ಮೇಲೆ ಗರಿ ಕಾಣಬೇಕು. ಕಳೆದ ವರ್ಷ ಒಬ್ಬ ಹುಡುಗಿ ಒತ್ತನ್ನು ಹಾಗೇ ಬಿಟ್ಟು ಸೊನ್ನೆಯನ್ನು ಮಾತ್ರ ಅಡ್ಡ ಕೊಯ್ದ ಕಬ್ಬಿನ ತುಂಡು ಮಾಡಿದಳು. ದುಂಡಗೆ, ಒಳಗೆ ನಾರಿನ ಚುಕ್ಕೆಗಳು. ಆ ಹಾಳೆಯನ್ನು ಗೋಡೆಗೆ ಅಂಟಿಸಿಕೊಂಡಿದ್ದೇನೆ.

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮದೊಂದು ಹವ್ಯಾಸಿ ನಾಟಕ ತಂಡವಿದೆ. ಹೊಸ ನಾಟಕದ ಹೆಸರಿನಲ್ಲಿ ‘ಸ್ತ್ರೀ’ ಎಂಬ ಪದವಿತ್ತು. ಫ್ಲೆಕ್ಸ್ ಕೈಗೆ ಬಂದಾಗ ಒತ್ತುಗಳು ಒಡೆದು ‘ಸ್‌ತ್‌ರೀ’ ಆಗಿತ್ತು. ‘ಫಾಂಟೇ ಹಾಗೆ’ ಎಂದರು ಅಂಗಡಿಯವರು. ನಿಜವೇ?

ಉತ್ತರ: ಓದಿ ಹೊಟ್ಟೆ ಉರಿಯಿತು. ಫಾಂಟಿನ ತಪ್ಪು ಇರಲಾರದು. ಮೊಬೈಲಿನಲ್ಲಿ ನೀವು ಟೈಪ್ ಮಾಡಿ ಕಳಿಸುವುದು ಯೂನಿಕೋಡ್. ಅದರಲ್ಲಿ ಸ, ತ, ರ ಬೇರೆಬೇರೆಯಾಗಿಯೇ ಇರುತ್ತವೆ, ನಡುವೆ ವಿರಾಮದ ಗುರುತು. ಕೂಡಿಸಿ ಒತ್ತು ಮಾಡುವ ಕೆಲಸ ಸಾಫ್ಟ್‌ವೇರಿನದು. ಹಳೇ ಆವೃತ್ತಿಯಲ್ಲಿ, ಅಥವಾ ಭಾರತೀಯ ಲಿಪಿಗಳ ಆಯ್ಕೆ ಹಾಕದೆ ಇದ್ದರೆ, ಅದು ಕೂಡಿಸುವುದಿಲ್ಲ. ನುಡಿ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೇ ಫಾಂಟುಗಳ ದಾರಿಯೇ ಬೇರೆ, ಅಲ್ಲಿ ಒತ್ತುಗಳನ್ನು ಸಿದ್ಧ ಚೂರುಗಳಾಗಿ ಜೋಡಿಸುತ್ತಾರೆ. ಒಂದರ ಪಠ್ಯವನ್ನು ಇನ್ನೊಂದಕ್ಕೆ ಹಾಗೇ ಅಂಟಿಸಿದರೆ ಎಲ್ಲ ಕಲಸುಮೇಲೋಗರ.

ಹೆಸರನ್ನು ನೀವೇ ಸರಿಯಾಗಿ ಕೂಡಿಸಿ, ಕರ್ವ್ಸ್‌ಗೆ ಬದಲಾಯಿಸಿ ಪಿಡಿಎಫ್ ಕೊಡಿ. ಆಗ ಅದು ಚಿತ್ರವಾಗಿಬಿಡುತ್ತದೆ, ಯಾವ ಅಂಗಡಿಯಲ್ಲೂ ಒಡೆಯದು. ಫಾಂಟ್ ಬೇಕಿದ್ದರೆ ಗೂಗಲ್ ಫಾಂಟ್ಸ್‌ನಲ್ಲಿ ‘ಬಾಲೂ ತಮ್ಮ’ ಎಂಬ ಫಾಂಟ್ ಉಚಿತವಾಗಿ ಸಿಗುತ್ತದೆ. ದುಂಡಗಿನ ಮುದ್ದಾದ ಅಕ್ಷರ, ಮಕ್ಕಳ ನಾಟಕಕ್ಕೆ ಹೇಳಿ ಮಾಡಿಸಿದ್ದು. ದುರಂತ ನಾಟಕಕ್ಕೆ ಹಾಕಬೇಡಿ. ಇನ್ನೂ ಒಳ್ಳೆಯದು, ತಂಡದಲ್ಲಿ ಕೈಬರಹ ಚೆನ್ನಾಗಿರುವವರಿಂದ ಬ್ರಷ್ಷಿನಲ್ಲಿ ಬರೆಸಿ ಸ್ಕ್ಯಾನ್ ಮಾಡಿ. ‘ಸ್ತ್ರೀ’ಯಲ್ಲಿ ಒಂದಲ್ಲ, ಎರಡು ಒತ್ತು. ಅದಕ್ಕೆ ಅಪ್ಪ ಮೂರನೇ ಗೆರೆಯನ್ನು ಇನ್ನೂ ಎರಡು ಬೆರಳು ಕೆಳಗೆ ಹೊಡೆಯುತ್ತಿದ್ದರು.