ಟ್ರೇಲರ್ ಚಾಸಿಯ ಕೆಳಭಾಗ ಒಂದಕ್ಕಿಂತ ಹೆಚ್ಚು ಸಲ ವೆಲ್ಡಿಂಗ್ ಮಾಡಿಸಿದ ಪಕ್ಕದಲ್ಲೇ ಮತ್ತೆ ಬಿರುಕು ಬಿಟ್ಟಿದೆ. ದಪ್ಪ ಪ್ಲೇಟ್ ಹಾಕಿಸಲೋ, 7018ರಂಥ ಇನ್ನೂ ಒಳ್ಳೆ ವೆಲ್ಡಿಂಗ್ ರಾಡ್‌ನಲ್ಲಿ ಮಾಡಿಸಲೋ?

ಸದ್ಯಕ್ಕೆ ಎರಡೂ ಬೇಡ. ಬೆಸುಗೆ ಬಿಟ್ಟಿಲ್ಲ, ಅದರ ಪಕ್ಕದ ಕಬ್ಬಿಣ ಬಿಟ್ಟಿದೆ ಅಂತ ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ಬೆಸುಗೆ ಇನ್ನೂ ಗಟ್ಟಿ ಮಾಡಿ ಏನು ಪ್ರಯೋಜನ? ನಾನು ಇದನ್ನು ಕೈಯಿಂದ ದುಡ್ಡು ಕಟ್ಟಿ ಕಲಿತವನು.

ಆಗಷ್ಟೇ ಸ್ವಂತ ಶೆಡ್ ಹಾಕಿದ್ದೆ. ಸ್ಟೀಲ್ ಕಾಯಿಲ್ ಸಾಗಿಸುವ ಫ್ಲಾಟ್‌ಬೆಡ್ ಟ್ರೇಲರ್ ಒಂದು ಬಂತು. ಎಡಗಡೆ ಮೇನ್ ಬೀಮಿನ ಕೆಳಗಿನ ಫ್ಲೇಂಜ್, ಅಂದರೆ I ಆಕಾರದ ಬೀಮಿನ ತಳದ ಅಗಲ ಪಟ್ಟಿ, ಸೀಳಿತ್ತು. ಮುಂದಿನ ಕಮಾನು ಪಟ್ಟೆಯನ್ನು (ಸ್ಪ್ರಿಂಗ್) ಬೀಮಿಗೆ ಹಿಡಿದಿಡುವ ಹ್ಯಾಂಗರ್ ಇದೆಯಲ್ಲ, ಅದರ ಬೆಸುಗೆಯ ಅಂಚಿನಲ್ಲಿ ಶುರುವಾದ ಬಿರುಕು ಫ್ಲೇಂಜ್ ದಾಟಿ ಅದರ ಮೇಲೆ ನೆಟ್ಟಗೆ ನಿಂತ ವೆಬ್ ಪ್ಲೇಟ್‌ಗೂ ಹತ್ತಿತ್ತು. ಓನರ್‌ಗೆ ಅವಸರ, ನನಗೆ ಹೆಸರು ಮಾಡುವ ಆಸೆ. ಗ್ರೈಂಡರ್‌ನಲ್ಲಿ ವಿ ಆಕಾರಕ್ಕೆ ಕೊರೆದು ತುಂಬಿದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಒಂದಷ್ಟು ಕಾಲ ಓಡುತ್ತಿತ್ತೇನೋ. ಸುಮ್ನೆ ಯಾಕೆ ರಿಸ್ಕ್ ಅಂತ, ಫ್ಲೇಂಜ್‌ಗಿಂತ ದಪ್ಪದ ಪ್ಲೇಟ್ ಒಂದನ್ನು ಚೌಕಕ್ಕೆ ಕತ್ತರಿಸಿ, ಕೆಳಗಿನಿಂದ ಪೂರ್ತಿ ಅಗಲಕ್ಕೆ ಕೂರಿಸಿ, ನಾಲ್ಕೂ ಕಡೆ ವೆಲ್ಡಿಂಗ್ ಹೊಡೆದೆ. ಮಲಗಿಕೊಂಡು ಮಾಡಿದ ಕೆಲಸವಾದರೂ ಬೀಡ್ (ಬೆಸುಗೆಯ ಗೆರೆ) ಎಷ್ಟು ಚಂದ ಬಂದಿತ್ತೆಂದರೆ ಅದರ ಮೇಲೆ ಪೇಂಟ್ ಹೊಡೆಯಲು ಮನಸ್ಸೇ ಬರಲಿಲ್ಲ.

ಲೋಡ್ ಇದ್ದಾಗಲೇ ಮುರಿಯಿತು. ನಾನು ಹಾಕಿದ ಪ್ಲೇಟ್ ಸ್ವಲ್ಪವೂ ಅಲ್ಲಾಡಿರಲಿಲ್ಲ, ಅದರ ಮುಂದಿನ ಅಂಚಿಗೆ ಸರಿಯಾಗಿ, ಸ್ಕೇಲ್ ಇಟ್ಟು ಗೆರೆ ಎಳೆದಂತೆ ಫ್ಲೇಂಜ್ ಅಡ್ಡಕ್ಕೆ ತುಂಡಾಗಿತ್ತು. ಕ್ರೇನ್ ತರಿಸಿ ಕಾಯಿಲ್ ಬೇರೆ ಗಾಡಿಗೆ ಹಾಕಿಸಿದ ಖರ್ಚು ನನ್ನದೇ. ಆ ಗಿರಾಕಿ ಮತ್ತೆ ನನ್ನ ಶೆಡ್ ಕಡೆ ತಲೆ ಹಾಕಲಿಲ್ಲ.

ಎಲ್ಲಿ ಎಡವಿದೆ ಅನ್ನುವುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಗಾಡಿಗೂ ಇದನ್ನೇ ಮಾಡಿರುತ್ತಾರೆ. ಲೋಡ್ ಬಿದ್ದಾಗ, ಟ್ರೇಲರನ್ನು ಎಳೆಯುವ ಗಾಡಿಗೆ ಸಿಕ್ಕಿಸುವ ಕಿಂಗ್‌ಪಿನ್‌ಗೂ ಆಕ್ಸಲ್‌ಗೂ ನಡುವೆ ಬೀಮ್ ಕೆಳಗೆ ಬಾಗುತ್ತದೆ. ಆಗ ಮೇಲಿನ ಫ್ಲೇಂಜ್ ಅದುಮಿಕೊಳ್ಳುತ್ತದೆ, ಕೆಳಗಿನದು ಉದ್ದಕ್ಕೆ ಎಳೆಯಲ್ಪಡುತ್ತದೆ. (ಆಕ್ಸಲ್‌ನ ಹಿಂದೆ ಚಾಚಿಕೊಂಡ ಭಾಗದಲ್ಲಿ ಇದು ಉಲ್ಟಾ.) ಬೆಸುಗೆ ಉದ್ದಕ್ಕೆ ಇದ್ದರೆ ಆ ಎಳೆತ ಅದರ ಜೊತೆಜೊತೆಗೇ ಸಾಗಿಹೋಗುತ್ತದೆ. ಅಡ್ಡಕ್ಕೆ ಇದ್ದರೆ ರಸ್ತೆಯ ಪ್ರತಿ ಗುಂಡಿಯಲ್ಲೂ ಆ ಎಳೆತ ಬೆಸುಗೆಯ ಅಂಚನ್ನು ಬಿಡಿಸಲು ನೋಡುತ್ತದೆ. ಎಂಥ ಕೈಚಳಕದ ವೆಲ್ಡರ್ ಮಾಡಿದರೂ ಆ ಅಂಚಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಕಚ್ಚು ಇದ್ದೇ ಇರುತ್ತದೆ. ಬಿರುಕು ಹುಟ್ಟುವುದು ಅಲ್ಲೇ.

ಅದು ಸಾಲದು ಅಂತ ನಾನು ದಪ್ಪ ಪ್ಲೇಟ್ ಬೇರೆ ಹಾಕಿದ್ದೆ. ತಂತಿಯನ್ನು ಇಕ್ಕಳದಲ್ಲಿ ಹಿಡಿದು ಅಲ್ಲಾಡಿಸಿದರೆ ಇಕ್ಕಳದ ಬಾಯಿ ಹತ್ತಿರವೇ ತುಂಡಾಗುತ್ತದೆ ಅಲ್ವಾ? ಪ್ಲೇಟ್ ಇದ್ದ ಕಡೆ ಬೀಮ್ ಬಾಗಲೇ ಇಲ್ಲ, ಬಾಗುವ ಕೆಲಸವೆಲ್ಲ ಪ್ಲೇಟ್ ಮುಗಿಯುವ ಗೆರೆಯ ಮೇಲೆ ಬಂದು ಬಿತ್ತು. ಪ್ಲೇಟ್ ಇನ್ನೂ ದಪ್ಪ ಇದ್ದಿದ್ದರೆ ಇನ್ನೂ ಬೇಗ ಹೋಗುತ್ತಿತ್ತು. ಜೊತೆಗೆ, ಬೀಮ್ ಯಾವ ಸ್ಟೀಲ್ ಅಂತ ನಾನು ಕೇಳಿರಲೂ ಇಲ್ಲ. ಮಾಮೂಲಿ ಮೈಲ್ಡ್ ಸ್ಟೀಲ್ ಶಾಶ್ವತವಾಗಿ ಹಿಗ್ಗದೆ ತಡೆಯುವ ಎಳೆತ 250 ಮೆಗಾಪ್ಯಾಸ್ಕಲ್ ಆಸುಪಾಸು. ಹಗುರ ಟ್ರೇಲರ್‌ಗಳಲ್ಲಿ 690 ಮೆಗಾಪ್ಯಾಸ್ಕಲ್‌ವರೆಗಿನ ಕಾಸಿ ತಣಿಸಿ ಹದ ಮಾಡಿದ ಸ್ಟೀಲ್ ಕೂಡ ಇರುತ್ತದೆ. ಅದಕ್ಕೆ ಮನಸ್ಸಿಗೆ ಬಂದಷ್ಟು ಕಾವು ಕೊಟ್ಟರೆ ಬೆಸುಗೆಯ ಪಕ್ಕದ ಪಟ್ಟೆ ಮೆತ್ತಗಾಗುತ್ತದೆ. ಅದೂ ಅಡ್ಡಕ್ಕೆ, ಪೂರ್ತಿ ಅಗಲಕ್ಕೆ!

ಇನ್ನು ನಿಮ್ಮ ರಾಡ್ ವಿಷಯ. 7018 ಬೆಸುಗೆಗೆ ಹೈಡ್ರೋಜನ್ ಕಡಿಮೆ ಸೇರಿಸುವ ಒಳ್ಳೆಯ ರಾಡ್, ನಾನೂ ಅದನ್ನೇ ಬಳಸುತ್ತೇನೆ. ಆದರೆ ಅದರ ಗುಣ ಇರುವುದು ಒಣಗಿರುವುದರಲ್ಲಿ. ಪೊಟ್ಟಣ ಒಡೆದು ವಾರಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ 7018 ಹಿಡಿದುಕೊಂಡು ಬಂದು ‘ಸಾರ್, ಸ್ಪೆಷಲ್ ರಾಡ್’ ಅಂದರೆ ನಂಬಬೇಡಿ. ಕಂಪನಿ ಹೇಳಿದಂತೆ ಓವನ್‌ನಲ್ಲಿ, ಸಾಮಾನ್ಯವಾಗಿ 300ರಿಂದ 350 ಡಿಗ್ರಿಯಲ್ಲಿ ಒಣಗಿಸಿ, ಬಳಸುವವರೆಗೂ ಬಿಸಿಯಾಗಿಯೇ ಇಟ್ಟಿರಬೇಕು. ಇಲ್ಲದಿದ್ದರೆ ತೇವದಿಂದ ಹೈಡ್ರೋಜನ್ ಬೆಸುಗೆಗೆ ಸೇರುತ್ತದೆ, ಗಟ್ಟಿ ಸ್ಟೀಲ್‌ನಲ್ಲಿ ಎಲ್ಲ ತಣ್ಣಗಾದ ಮೇಲೆ, ಕೆಲವೊಮ್ಮೆ ಮರುದಿನವೋ ಅದರ ಮರುದಿನವೋ ಒಳಗಿಂದ ಬಿರುಕು ಬರುತ್ತದೆ. ಅಷ್ಟರಲ್ಲಿ ಗಾಡಿ ರೋಡ್ ಮೇಲಿರುತ್ತದೆ. ಮಿಗ್ (ಗ್ಯಾಸ್ ಹಾಯಿಸುತ್ತಾ ತಂತಿಯಿಂದ ಮಾಡುವ ವೆಲ್ಡಿಂಗ್) ಮಾಡಿಸಿದರೆ ಹೇಗೆ ಅಂತ ಯಾರಾದರೂ ಸಲಹೆ ಕೊಡಬಹುದು. ಮಾಡಿಸಿ, ಆದರೆ ಬಯಲಲ್ಲಿ ಬೇಡ, ಗಾಳಿ ಬೀಸಿ ಗ್ಯಾಸ್ ಹಾರಿಹೋದರೆ ಬೆಸುಗೆ ತುಂಬ ತೂತು.

ನನ್ನ ಕಥೆಯಲ್ಲಿ ಇದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಗೊತ್ತಾಯಿತು. ಮುರಿದ ಗಾಡಿ ನೋಡಲು ಹಿರಿಯ ಫಿಟ್ಟರ್ ಒಬ್ಬರನ್ನು ಕರೆದಿದ್ದೆ. ಅವರು ನನ್ನ ವೆಲ್ಡಿಂಗ್ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಬಲಗಡೆ ಬೀಮಿನ ಕೆಳಗೆ ನುಸುಳಿ, ಅದೇ ಹ್ಯಾಂಗರ್ ಹತ್ತಿರ ಟಾರ್ಚ್ ಹಿಡಿದರು. ಪೇಂಟ್ ಮೇಲೆ ಕೂದಲೆಳೆಯಷ್ಟು ತೆಳುವಾದ ತುಕ್ಕಿನ ಗೆರೆ. ಉಗುರಿನಿಂದ ಕೆರೆದರು, ಪೇಂಟ್ ಎದ್ದು ಬಂತು, ಒಳಗೆ ಬಿರುಕು. ಆಮೇಲೆ ಎರಡು ಕಮಾನುಗಳ ನಡುವಿನ ರಾಕರ್‌ಗೆ ಕಬ್ಬಿಣದ ಸರಳು ಕೊಟ್ಟು ಮೀಟಿದರು. ಅಲುಗಲಿಲ್ಲ. ಪಿನ್ ತುಕ್ಕು ಹಿಡಿದು ಜಾಮ್ ಆಗಿತ್ತು. ರಾಕರ್ ಇರುವುದೇ ಎರಡು ಆಕ್ಸಲ್‌ಗಳಿಗೆ ಭಾರ ಹಂಚಲು. ಅದು ತೂಗದಿದ್ದರೆ ರಸ್ತೆಯ ಪ್ರತಿ ಉಬ್ಬಿನಲ್ಲೂ ಒಂದೇ ಆಕ್ಸಲ್, ಒಂದೇ ಹ್ಯಾಂಗರ್ ಪೆಟ್ಟು ತಿನ್ನುತ್ತದೆ. ಅಂದರೆ ನಾನು ಅತ್ಯುತ್ತಮ ವೆಲ್ಡಿಂಗ್ ಮಾಡಿದ್ದರೂ ಆ ಗಾಡಿ ವಾಪಸ್ ಬರುತ್ತಿತ್ತು.

ಹಾಗಾಗಿ ವೆಲ್ಡರ್ ಹುಡುಕುವ ಮೊದಲು ಕಾರಣ ಹುಡುಕಿ. ರಾಕರ್, ಬುಷ್, ಯು-ಬೋಲ್ಟ್, ಆಕ್ಸಲ್ ಅಲೈನ್‌ಮೆಂಟ್, ಇವನ್ನೆಲ್ಲ ನೋಡದೆ ಮೊದಲೇ ರಾಡ್ ಕೈಗೆತ್ತಿಕೊಳ್ಳುವವನ ಹತ್ತಿರ ನಾನಂತೂ ಗಾಡಿ ಬಿಡುವುದಿಲ್ಲ. ಓವರ್‌ಲೋಡ್ ಇದ್ದರೆ ಅದೂ ನಿಲ್ಲಬೇಕು, ಕೋಪ ಮಾಡ್ಕೋಬೇಡಿ. ಬೆಸುಗೆ ಇರುವ ಕಡೆ ಒತ್ತಡದ ಏರಿಳಿತ ಕಾಲು ಭಾಗ ಜಾಸ್ತಿ ಆದರೆ ಬಾಳಿಕೆ ಕಾಲು ಭಾಗ ಕಡಿಮೆ ಆಗುವುದಲ್ಲ, ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ. 1.25 × 1.25 × 1.25 ಮಾಡಿ ನೋಡಿ, ಸುಮಾರು 2 ಬರುತ್ತದೆ, ಆ ಲೆಕ್ಕ. ಇನ್ನೂ ಗಟ್ಟಿ ಸ್ಟೀಲ್ ಹಾಕಿದರೂ ಬೆಸುಗೆಯ ಅಂಚಿನ ಈ ಬಾಳಿಕೆ ಹೆಚ್ಚುವುದಿಲ್ಲ.

ನಾನು ಈಗ ಮಾಡುವುದು ಹೀಗೆ. ಲೋಡ್ ಖಾಲಿ, ಎಳೆಯುವ ಮುಂದಿನ ಗಾಡಿ ಕಳಚಿ, ಸ್ಟ್ಯಾಂಡ್ ಮೇಲೆ ಟ್ರೇಲರ್ ಮಟ್ಟಸ, ಜಾಕಿ ಕೊಟ್ಟು ಬಾಗು ತೆಗೆದ ಮೇಲೆಯೇ ಮುಂದಿನ ಮಾತು. ಬಾಗಿದ್ದಾಗಲೇ ಬೆಸೆದರೆ ಬಾಗು ಶಾಶ್ವತ. ಪೇಂಟ್ ಪೂರ್ತಿ ಕೆರೆದು ಡೈ (ಬಿರುಕಿಗೆ ಇಳಿಯುವ ಕೆಂಪು ಬಣ್ಣ) ಹಚ್ಚಿ ಬಿರುಕಿನ ತುದಿ ಹುಡುಕುತ್ತೇನೆ. ಆಮೇಲೆ ಹೊಡೆಯುವ ಬಿಳಿ ಪುಡಿಯ ಮೇಲೆ ಕೆಂಪು ಗೆರೆ ಮೂಡುತ್ತದೆ, ಅದು ಸಾಮಾನ್ಯವಾಗಿ ಬರಿಗಣ್ಣಿಗೆ ಕಂಡದ್ದಕ್ಕಿಂತ ಉದ್ದ. ತುದಿಯಿಂದ ತುಸು ಆಚೆಗೆ ತೂತು ಕೊರೆದು, ಬಿರುಕು ಪೂರ್ತಿ ಹೋಗುವವರೆಗೆ ಕೊರೆದು ತುಂಬುತ್ತೇನೆ. ಫ್ಲೇಂಜಿನ ಎರಡೂ ಅಂಚಿಗೆ ಸಣ್ಣ ತುಂಡು ಕೂರಿಸಿ ಬೆಸುಗೆಯ ಶುರು ಮತ್ತು ಕೊನೆ ಆ ತುಂಡಿನ ಮೇಲೆ ಬರುವಂತೆ ನೋಡಿಕೊಂಡು, ಆಮೇಲೆ ತುಂಡು ಕತ್ತರಿಸಿ, ಸಮ ಆಗುವವರೆಗೆ ಉದ್ದಕ್ಕೆ ಗ್ರೈಂಡಿಂಗ್. ಗ್ರೈಂಡರ್ ಗೀರು ಕೂಡ ಅಡ್ಡಕ್ಕೆ ಇರಬಾರದು. ಇಲ್ಲಿ ಅಡ್ಡ ಬೆಸುಗೆ ತಪ್ಪಿಸುವಂತಿಲ್ಲ, ಬಿರುಕೇ ಅಡ್ಡ ಇದೆ, ಅದಕ್ಕೇ ಇಷ್ಟು ಉಪಚಾರ. ಮೇಲೆ ಪಟ್ಟಿ ಬೇಕೇ ಬೇಕು ಅನ್ನಿಸಿದರೆ ಫ್ಲೇಂಜಿನ ದಪ್ಪ ಮೀರದ ಪಟ್ಟಿ, ಎರಡೂ ತುದಿ ಚೂಪಾಗಿ ಇಳಿದಿರಬೇಕು, ಬೆಸುಗೆ ಎರಡು ಪಕ್ಕಕ್ಕೆ ಮಾತ್ರ, ತುದಿ ಬರುವ ಮೊದಲೇ ನಿಲ್ಲಿಸಬೇಕು.

ವೆಲ್ಡಿಂಗ್‌ಗೆ ಮೊದಲು ಬ್ರೇಕಿನ ಎಬಿಎಸ್ ವೈರ್ ಕಳಚಿಸಿ. ಅರ್ತ್ ಕ್ಲಾಂಪ್ ಬೆಸುಗೆಯ ಪಕ್ಕದಲ್ಲೇ ಹಾಕಿಸಿ, ದೂರ ಚಕ್ರದ ಕಡೆ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದನ್ನು ತಿನ್ನುತ್ತದೆ. ಕಮಾನು ಪಟ್ಟೆಗೆ ಕಿಡಿ ಕೂಡ ತಾಗಬಾರದು. ಕಿಂಗ್‌ಪಿನ್, ಆಕ್ಸಲ್ ಟ್ಯೂಬ್ ಬಿರುಕು ಬಿಟ್ಟಿದ್ದರೆ ವೆಲ್ಡಿಂಗ್ ಮಾತೇ ಬೇಡ, ಬದಲಾಯಿಸಿ.

ನಿಮ್ಮ ಗಾಡಿಯ ಆ ಜಾಗಕ್ಕೆ ಈಗಾಗಲೇ ಒಂದಕ್ಕಿಂತ ಹೆಚ್ಚು ಸಲ ಬೆಂಕಿ ತಾಗಿದೆ. ನಾನಾಗಿದ್ದರೆ ಅದನ್ನು ಮತ್ತೆ ತುಂಬುತ್ತಿರಲಿಲ್ಲ. ಹಳೆ ಬೆಸುಗೆ ಇರುವಷ್ಟೂ ಬೀಮ್ ಕತ್ತರಿಸಿ ತೆಗೆದು ಅದೇ ದರ್ಜೆಯ ಸ್ಟೀಲ್‌ನ ಹೊಸ ತುಂಡು ಸೇರಿಸುತ್ತಿದ್ದೆ, ಮೇಲಿನ ಫ್ಲೇಂಜ್, ವೆಬ್, ಕೆಳಗಿನ ಫ್ಲೇಂಜ್ ಮೂರರ ಜೋಡಣೆಯೂ ಒಂದೇ ಗೆರೆಯಲ್ಲಿ ಬಾರದ ಹಾಗೆ ಹಿಂದೆ ಮುಂದೆ ಮಾಡಿ. ಖರ್ಚು ಜಾಸ್ತಿ ಬರುತ್ತದೆ. ಬಲಗಡೆ ಬೀಮ್‌ಗೂ ಅವತ್ತೇ ಡೈ ಹಾಕಿಸಿ ನೋಡಿ.