ಭಜನೆ, ಭಾಗವತಿಕೆ ಬಿಟ್ಟರೆ ಬೇರೆ ಗೊತ್ತಿಲ್ಲ. ಜಾಝ್ ತಂಡದ ಜೊತೆ ಹಾಡಬಹುದಾ?

ಮಂಜೇಶ್ವರದ ಕಡೆಯವರು, ಭಜನೆ ಹಾಡ್ತೀರಿ, ಸ್ವಲ್ಪ ಭಾಗವತಿಕೆ, ಅಂದರೆ ಯಕ್ಷಗಾನದ ಹಾಡುಗಾರಿಕೆ, ಗೊತ್ತು, ಮಂಗಳೂರಿನ ಜಾಝ್ ತಂಡವೊಂದು ಕರೆದಿದೆ. ಉಳಿದ ಗಾಯಕರೆಲ್ಲ ಚರ್ಚ್ ಕ್ವಾಯರ್‌ನಿಂದ ಬಂದವರು, ಹಾಗಾಗಿ ಮೊದಲು ವೆಸ್ಟರ್ನ್ ಗ್ರೇಡ್ ಪರೀಕ್ಷೆ ಮುಗಿಸಿ ಆಮೇಲೆ ಹೋಗಲಾ ಅಂತ ಕೇಳಿದ್ದೀರಿ. ಬೇಡ. ಈಗಲೇ ಹೋಗಿ. ಆದರೆ ನಾನು ಹೋದ ಹಾಗೆ ಹೋಗಬೇಡಿ.

ನಾನು ನೀರ್ಚಾಲಿನವಳು. ಸಣ್ಣದರಲ್ಲಿ ಕರ್ನಾಟಕ ಸಂಗೀತ, ಆಮೇಲೆ ಭಾಗವತಿಕೆ. ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ಶಾಸ್ತ್ರೀಯ ಸಂಗೀತದಿಂದ ಬಂದು, ಮದುವೆಯಾದ ಮೇಲೆ ಗಂಡನಿಂದ ಭಾಗವತಿಕೆ ಕಲಿತು, ಮೇಳದಲ್ಲೇ ಹಾಡಿದವರು. ಅವರ ಪದ್ಯ ಕೇಳಿ ಹಿಡಿದ ಹುಚ್ಚು ನನ್ನದು. ಮೇಳಕ್ಕೆ ಹೋದವಳಲ್ಲ. ತಾಳಮದ್ದಳೆ, ಊರಿನ ಹವ್ಯಾಸಿ ಆಟ, ನವರಾತ್ರಿ ಭಜನೆ ಅಷ್ಟೇ.

ನಾನು ಸೇರಿದ ಜಾಝ್ ತಂಡದಲ್ಲಿ ಹಾಡುವವರು ಮೂವರು. ಒಬ್ಬಳು ಬೇಳದ ಕಡೆಯವಳು, ಕೊಂಕಣಿ ಮಾತಾಡುವವಳು, ಚಿಕ್ಕಂದಿನಿಂದ ಚರ್ಚ್‌ನಲ್ಲಿ ಆಲ್ಟೋ, ಅಂದರೆ ಹೆಂಗಸರ ಕೆಳಗಿನ ದನಿಯ ಪಾಲು, ಹಾಡಿದವಳು. ಪಕ್ಕದಲ್ಲಿ ಬೇರೆಯವರು ಬೇರೆ ಸ್ವರ ಹಾಡುತ್ತಿದ್ದರೂ ಅವಳ ಸ್ವರ ಕದಲುವುದಿಲ್ಲ. ನನಗದು ಇವತ್ತಿಗೂ ಕಷ್ಟ, ಪಕ್ಕದವರ ಹಿಂದೆಯೇ ಜಾರಿಹೋಗುತ್ತೇನೆ. ಇನ್ನೊಬ್ಬ ಮೊಗ್ರಾಲಿನ ಹುಡುಗ. ಮಲಬಾರಿನ ಮುಸ್ಲಿಮರ ಹಾಡು ಮಾಪ್ಪಿಳಪ್ಪಾಟ್ಟಿಗೆ ಹೆಸರಾದ ಊರು ಅಲ್ವಾ ಅದು, ಕೈ ತಟ್ಟಿಕೊಂಡೇ ಹಾಡಿ ಬೆಳೆದವನು. ಡ್ರಮ್ಸ್‌ನವರು ನಾಲ್ಕು ಎಣಿಕೆಯಲ್ಲಿ ಎರಡು ಮತ್ತು ನಾಲ್ಕರ ಮೇಲೆ ಚಪ್ಪಾಳೆ ತಟ್ಟಿ ಅಂದಾಗ ಅವನು ಒಂದೇ ಸಲಕ್ಕೆ ತಟ್ಟಿದ. ನನ್ನ ಕೈ ಮಾತ್ರ ಒಂದರ ಮೇಲೇ ಬೀಳುತ್ತಿತ್ತು. ಜಾಗಟೆ ಹಿಡಿದ ಕೈ, ಇನ್ನೇನು ಮಾಡೀತು!

ಮೊದಲ ದಿನ ಶ್ರುತಿ ಕೇಳಿದರು. ಕಪ್ಪು ನಾಲ್ಕು, ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆ, ಅಂದೆ. ಕೀಬೋರ್ಡಿನವರು ಒತ್ತಿ ನೋಡಿ ಎ ಫ್ಲಾಟ್ ಅಂದರು. ಸ್ಯಾಕ್ಸೋಫೋನಿನವರಿಗೆ ಖುಷಿ, ಗಿಟಾರ್‌ನವರ ಮುಖ ಸಣ್ಣದಾಯಿತು. ಫ್ಲಾಟ್ ಶ್ರುತಿಗಳು ಊದುವ ವಾದ್ಯಕ್ಕೆ ಸಲೀಸು, ಗಿಟಾರ್‌ಗೆ ಬೆರಳು ನೋವು. ನಿಮ್ಮ ಶ್ರುತಿ ಯಾವುದೇ ಇರಲಿ, ಮೊದಲೇ ಹೇಳಿಬಿಡಿ, ಸಂಕೋಚಪಟ್ಟು ಅವರ ಶ್ರುತಿಗೆ ಇಳಿಯಬೇಡಿ.

ಈಗ ನನಗೆ ಪೆಟ್ಟು ಬಿದ್ದ ವಿಷಯ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ನನಗೆ ಕೊಟ್ಟದ್ದು ಬ್ಲೂಸ್, ಒಂದೇ ಅಳತೆಯ ಸುತ್ತು ಮತ್ತೆ ಮತ್ತೆ ಬರುವ ಹಾಡು. ಹನ್ನೆರಡು ಬಾರ್, ಒಂದೊಂದರಲ್ಲಿ ನಾಲ್ಕು ಎಣಿಕೆ. ಒಟ್ಟು ನಲವತ್ತೆಂಟು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ, ಎಂಟೆಣಿಕೆಯ ಆದಿತಾಳದ ಆರು ಆವರ್ತ, ಮುಗೀತು. ರಾಗಕ್ಕೂ ತಲೆಬಿಸಿ ಇಲ್ಲ, ಶುದ್ಧ ಧನ್ಯಾಸಿ ಹಾಡಿದರೆ ಬ್ಲೂಸ್‌ಗೆ ಚೆನ್ನಾಗಿಯೇ ಕೂರುತ್ತದೆ. ಪ್ರಾಕ್ಟೀಸ್‌ನಲ್ಲಿ ಎಲ್ಲ ಸರಿಯಾಯಿತು, ಯಾಕೆಂದರೆ ಅಲ್ಲಿ ನಾನು ಅಳತೆಯಷ್ಟೇ ಹಾಡಿದೆ.

ಕಾರ್ಯಕ್ರಮ ಬೇಕಲದ ಹತ್ತಿರದ ಒಂದು ರೆಸಾರ್ಟಿನಲ್ಲಿ. ಕೊನೆಯ ಸಾಲಿನಲ್ಲಿ ಮೇಲಿನ ಷಡ್ಜ ಹಿಡಿದೆ, ಚೆನ್ನಾಗಿ ನಿಂತಿತು, ಜನ ಕೂಗಿದರು. ಬಿಡಲು ಮನಸ್ಸಾಗಲಿಲ್ಲ. ಇನ್ನೊಂದು ಆವರ್ತ ಎಳೆದೆ, ಅದೇ ಸಾಲನ್ನು ಮತ್ತೆ ಎತ್ತಿದೆ. ಆಟದಲ್ಲಿ ನಾವು ಮಾಡುವುದೇ ಇದನ್ನಲ್ವಾ? ವೇಷಧಾರಿಗೆ ಕುಣಿಯಲು ಇನ್ನೂ ಉಂಟು ಅಂತ ಕಂಡರೆ ಸಾಲನ್ನು ಮತ್ತೆ ಮತ್ತೆ ಹಾಡುತ್ತೇವೆ. ಚೆಂಡೆ, ಮದ್ದಳೆಯವರು ನಮ್ಮ ಜೊತೆಗೇ ಇರುತ್ತಾರೆ. ಸಾಕು ಅನಿಸಿದಾಗ ಜಾಗಟೆಯಲ್ಲಿ ಒಂದು ಸೂಚನೆ ಕೊಟ್ಟರೆ ಬಿಡ್ತಿಗೆ, ಅಂದರೆ ಮುಗಿಸುವ ಪೆಟ್ಟು, ಬರುತ್ತದೆ, ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ. ಭಾಗವತರೇ ಮೊದಲನೇ ವೇಷ ಅಂತ ಸುಮ್ನೆ ಹೇಳುವುದಲ್ಲ.

ಜಾಝ್‌ನಲ್ಲಿ ಮೊದಲನೇ ವೇಷ ಯಾರೂ ಇಲ್ಲ. ಹನ್ನೆರಡು ಬಾರ್ ಮುಗಿದ ತಕ್ಷಣ ಮತ್ತೆ ಒಂದನೇ ಬಾರ್ ಶುರು. ಹಾಡುವವರು ಬೇಕಾದಷ್ಟು ಕಲ್ಪನೆ ಮಾಡಬಹುದು, ಆದರೆ ಅದರ ಒಳಗೆ. ಹೊರಗೆ ಕಾಲಿಟ್ಟರೆ ಯಾರೂ ಕಾಯುವುದಿಲ್ಲ. ನಾನು ಇನ್ನೂ ಹಳೆಯ ಸುತ್ತಿನ ಕೊನೆಯಲ್ಲಿ ಇದ್ದೇನೆ ಅಂದುಕೊಂಡಿದ್ದೆ. ಬೇಸ್‌ನವರು ಆಗಲೇ ಹೊಸ ಸುತ್ತಿನ ಐದನೇ ಬಾರ್‌ಗೆ ಬಂದು ಮಧ್ಯಮ ಹಿಡಿದಿದ್ದರು. ಕೆಳಗೆ ಮಧ್ಯಮ, ಮೇಲೆ ನನ್ನ ಪಂಚಮ, ಕಿವಿಗೆ ಕಲ್ಲು ಸಿಕ್ಕಿದ ಹಾಗೆ. ಗಾಬರಿಯಾಗಿ ಬಿಡ್ತಿಗೆಗೆ ಕೈ ಎತ್ತಿದೆ. ಆ ಕೈಯ ಅರ್ಥ ಅಲ್ಲಿ ಯಾರಿಗೆ ಗೊತ್ತು? ಡ್ರಮ್ಸ್‌ನವರು ಜೋರು ಮಾಡಿ ಅಂತ ತಿಳಿದು ಜೋರಾಗಿ ಬಾರಿಸಿದರು. ಕೀಬೋರ್ಡಿನವರು ಪಾಪ, ನನ್ನನ್ನು ಉಳಿಸಲು ನನ್ನ ಹಿಂದೆ ಬಂದರು, ಬೇಸ್‌ನವರು ಬರಲಿಲ್ಲ. ಎರಡು ತುಂಡಾದ ಹಾಡನ್ನು ಸ್ಯಾಕ್ಸೋಫೋನಿನವರು ಹೇಗೋ ಒಂದು ಮಾಡಿ ದಡ ಸೇರಿಸಿದರು.

ಯಾರೂ ಬೈಯಲಿಲ್ಲ. ಊಟಕ್ಕೆ ಕೂತಾಗ ಡ್ರಮ್ಸ್‌ನ ಹುಡುಗ, ‘ಅಕ್ಕಾ, ನೀವು ಅಲ್ಲೇ ನಿಂತ್ರಿ ಮಾರಾಯ್ರೆ, ಹಾಡು ಮುಂದೆ ಹೋಗಿ ಆಗಿತ್ತು’ ಅಂದ. ಅಷ್ಟೇ. ಆದರೆ ಅದಾದ ಮೇಲೆ ಇದ್ದ ರೆಕಾರ್ಡಿಂಗ್‌ಗೆ ಬೇರೆ ಗಾಯಕಿ ಬಂದರು.

ಆಮೇಲೆ ಬೇಸ್‌ನವರೇ ದಾರಿ ತೋರಿಸಿದರು. ನಿಮ್ಮ ಪದ್ಯ ಬಿಡಿ, ನಾನು ಹಿಡಿಯುವ ಸ್ವರ ಹಾಡಿ ಅಂದರು. ಮೊದಲ ನಾಲ್ಕು ಬಾರ್ ಸ ಸ ಸ ಸ, ಆಮೇಲೆ ಮ ಮ ಸ ಸ, ಕೊನೆಗೆ ಪ ಮ ಸ ಸ. ಬಾರ್‌ಗೆ ಒಂದು ಸ್ವರ. ತೊಡೆಯ ಮೇಲೆ ತಾಳ ಹಾಕಿಕೊಂಡು, ಅಡುಗೆ ಮಾಡುವಾಗ, ಬಸ್ಸಿನಲ್ಲಿ, ಇದನ್ನೇ ಹಾಡಿದೆ. ಒಂದು ದಿನ ಐದನೇ ಬಾರ್ ಬರುವ ಮೊದಲೇ ಕಿವಿಗೆ ಮಧ್ಯಮ ಕೇಳಿತು. ನಿಮಗೆ ಬೇಕಾದದ್ದು ಇದು. ಗ್ರೇಡ್ ಪರೀಕ್ಷೆಯಲ್ಲಿ ಒಳ್ಳೆಯ ವಿಷಯಗಳುಂಟು, ಇಲ್ಲ ಅನ್ನುವುದಿಲ್ಲ, ಆದರೆ ಅದನ್ನು ಪಾಸು ಮಾಡಿದ್ದರೂ ನಾನು ಬೇಕಲದಲ್ಲಿ ಬೀಳುತ್ತಿದ್ದೆ.

ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತು ನನಗೆ ಹಿಡಿಸಲಿಲ್ಲ. ‘ನನಗೆ ಸಂಗೀತದ ಹಿನ್ನೆಲೆ ಇಲ್ಲ’ ಅಂತ ಬರೆದಿದ್ದೀರಿ. ಭಾಗವತಿಕೆ ಹಿನ್ನೆಲೆ ಅಲ್ವಾ? ಸ್ಯಾಕ್ಸೋಫೋನಿನ ಕದ್ರಿ ಗೋಪಾಲನಾಥರು ನಾಗಸ್ವರದವರ ಮಗ. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿಯವರ ಜೊತೆ ನುಡಿಸಿದಾಗ ಅವರು ತಮ್ಮ ಕರ್ನಾಟಕ ಸಂಗೀತವನ್ನು ಬಿಟ್ಟು ಹೋಗಲಿಲ್ಲ. ಬೆಂಗಳೂರಿನ ಕರ್ನಾಟಕ ಸಂಗೀತ ಗಾಯಕಿ ಆರ್. ಎ. ರಮಾಮಣಿಯವರು ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಹಾಡಿ 1983ರಲ್ಲಿ ಜರ್ಮನಿಯ ಇಸಿಎಂ ಕಂಪೆನಿಗೆ ರೆಕಾರ್ಡ್ ಮಾಡಿದ್ದೂ ರಾಗ ತಾಳ ಇಟ್ಟುಕೊಂಡೇ. ಜಾಝ್ ಹುಟ್ಟಿದ ಅಮೆರಿಕದಲ್ಲೂ ದೊಡ್ಡ ಗಾಯಕಿ ಸಾರಾ ವಾನ್ ಬಂದದ್ದು ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕ್ ಊರಿನ ಚರ್ಚ್‌ನಿಂದ. ಇನ್ನೊಬ್ಬ ಗಾಯಕಿ ಎಲಾ ಫಿಟ್ಜೆರಾಲ್ಡ್ 1934ರಲ್ಲಿ ನ್ಯೂಯಾರ್ಕಿನ ಅಪೋಲೊ ಥಿಯೇಟರ್‌ನ ಸ್ಪರ್ಧೆಗೆ ಹೋದದ್ದು ಕುಣಿಯಲು, ಕೊನೆ ಗಳಿಗೆಯಲ್ಲಿ ಹಾಡಿದರು. ಚರ್ಚ್‌ನವರಿಗೆ ಅನುಕೂಲ ಜಾಸ್ತಿ ಅನ್ನುವುದು ನಿಜ. ಮುಂಬೈಯ ಹಳೆಯ ಜಾಝ್ ಬ್ಯಾಂಡುಗಳಲ್ಲಿ ಗೋವಾದವರೇ ತುಂಬಿದ್ದಕ್ಕೂ ಅಲ್ಲಿನ ಚರ್ಚ್ ಶಾಲೆಗಳ ಸಂಗೀತ ಪಾಠ ಒಂದು ಕಾರಣ. ಅವರ ಹತ್ತಿರ ಕೂತು ಒಂದೆರಡು ವಿಷಯ ಕಲಿಯಿರಿ, ಅವರಂತೆ ಆಗಲು ಹೋಗಬೇಡಿ.

ಇನ್ನು ಸಣ್ಣಪುಟ್ಟದ್ದು. ಚೆಂಡೆಯ ಎದುರು ಹಾಡಿದ ಗಂಟಲು ನಿಮ್ಮದು, ಮೈಕಿನಿಂದ ಒಂದು ಗೇಣು ದೂರ ನಿಲ್ಲಿ. ಸ್ಕ್ಯಾಟ್, ಅಂದರೆ ಅರ್ಥವಿಲ್ಲದ ಅಕ್ಷರಗಳಲ್ಲಿ ಹಾಡುವುದು, ಬೇಕು ಅಂತ ಅವರು ಕೇಳಿದರೆ ಯೂಟ್ಯೂಬ್ ನೋಡಿ ಶೂಬಿಡೂಬಿ ಕಲಿಯಬೇಡಿ, ಚೆಂಡೆ, ಮದ್ದಳೆಯ ಪೆಟ್ಟುಗಳನ್ನು ಬಾಯಲ್ಲಿ ಹೇಳುವ ನಿಮ್ಮ ಬಾಯಿತಾಳವೇ ಸಾಕು. ಕುಡಿಯುವ ಜಾಗದಲ್ಲಿ ದೇವರ ಪದ್ಯ ಹಾಡ್ತೀಯಾ ಅಂತ ಮನೆಯಲ್ಲಿ ಕೇಳಿಯೇ ಕೇಳುತ್ತಾರೆ, ನಮ್ಮ ಅತ್ತೆ ಕೇಳಿದರು. ಅಂಥ ಕಡೆ ನಾನು ಸಾಹಿತ್ಯ ಬಿಟ್ಟು ಸ್ವರ, ಬಾಯಿತಾಳ ಮಾತ್ರ ಹಾಡುತ್ತೇನೆ. ಇದನ್ನು ನೀವೇ ತೀರ್ಮಾನ ಮಾಡಿ, ಆದರೆ ಒಪ್ಪಿಕೊಳ್ಳುವ ಮೊದಲು ಮಾಡಿ.

ಪೋಸ್ಟರನ್ನೂ ಪ್ರಿಂಟ್‌ಗೆ ಕೊಡುವ ಮುಂಚೆ ತರಿಸಿ ನೋಡಿ. ಬೇರೆಯವರ ಹೆಸರಿನ ಕೆಳಗೆ ಅವರು ಕಲಿತದ್ದು, ಹಾಡಿದ್ದು ಎಲ್ಲ ಬರೆದು, ನಮ್ಮ ಹೆಸರಿನ ಕೆಳಗೆ ಬರೀ ‘ಜಾನಪದ ಗಾಯಕಿ’ ಅಂತ ಹಾಕುವ ಚಾಳಿ ಉಂಟು. ನನಗೂ ಹಾಗೇ ಹಾಕಿದ್ದರು. ಈಗ ನಾನೇ ಬರೆದು ಕಳಿಸುತ್ತೇನೆ: ತೆಂಕುತಿಟ್ಟಿನ ಭಾಗವತಿಕೆ, ಗುರುಗಳು ಇಂಥವರು. ನೀವೂ ವಾಟ್ಸಾಪ್‌ನಲ್ಲೇ ಟೈಪ್ ಮಾಡಿ ಕಳಿಸಿ, ಫೋನಿನಲ್ಲಿ ಹೇಳಿದರೆ ತಪ್ಪಾಗಿ ಬರೆಯುತ್ತಾರೆ.