ಬಾಂಬ್ ಇಟ್ಟವನಿಗೆ ಚಿತ್ರಹಿಂಸೆ ಕೊಡಬಹುದೇ?

ಪ್ರಶ್ನೆ: ಯುದ್ಧಕಾಲದಲ್ಲಿ ಸೆರೆಸಿಕ್ಕವನಿಗೆ ಬಾಂಬ್ ಎಲ್ಲಿದೆ ಎಂಬುದು ಗೊತ್ತಿದ್ದೂ ಅವನು ಬಾಯಿ ಬಿಡದಿದ್ದರೆ, ನೂರಾರು ಜನರ ಜೀವ ಉಳಿಸಲು ಚಿತ್ರಹಿಂಸೆ ಕೊಡುವುದು ತಪ್ಪೇ?

ಉತ್ತರ: ತಪ್ಪು. ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೆ ‘ಅವನಿಗೆ ಗೊತ್ತಿದೆ’ ಎಂದು ನೀವು ಮೊದಲೇ ಒಪ್ಪಿಕೊಂಡಿದ್ದೀರಿ. ವಿಚಾರಣೆ ನಡೆಸುವವರಿಗೆ ಇರುವುದು ಸಾಮಾನ್ಯವಾಗಿ ಶಂಕೆ ಮಾತ್ರ.

ಸ್ವಾತಂತ್ರ್ಯಕ್ಕಾಗಿ ಫ್ರಾನ್ಸ್ ವಿರುದ್ಧ ಹೋರಾಡುತ್ತಿದ್ದ ಅಲ್ಜೀರಿಯದಲ್ಲಿ ಈ ಪ್ರಶ್ನೆ ನಿಜವಾಗಿಯೇ ಎದುರಾಗಿತ್ತು. 1956ರ ನವೆಂಬರ್‌ನಲ್ಲಿ ಫರ್ನಾಂಡ್ ಇವ್ತೋಂ ಎಂಬ ಕಾರ್ಮಿಕ ರಾಜಧಾನಿ ಅಲ್ಜಿಯರ್ಸ್‌ನ ಅನಿಲ ಕಾರ್ಖಾನೆಯಲ್ಲಿ ಬಾಂಬ್ ಇಟ್ಟು ಸಿಕ್ಕಿಬಿದ್ದ. ಇನ್ನೊಂದು ಬಾಂಬ್ ಬೇರೆಲ್ಲೋ ಇದೆಯೆಂಬ ಭಯವಿತ್ತು. ಅವನನ್ನು ಹಿಂಸಿಸಲು ಪೊಲೀಸರು ಅನುಮತಿ ಕೇಳಿದಾಗ, ಪೊಲೀಸ್ ಆಡಳಿತದ ಹೊಣೆ ಹೊತ್ತಿದ್ದ ಪಾಲ್ ಟೆಟ್ಜೆನ್ ನಿರಾಕರಿಸಿದರು. ಹಾಗಿದ್ದೂ ಪೊಲೀಸರು ಅವನನ್ನು ಹಿಂಸಿಸದೆ ಬಿಡಲಿಲ್ಲ. ಎರಡನೆಯ ಬಾಂಬ್ ಸಿಡಿಯಲಿಲ್ಲ, ಆದರೆ ಇದನ್ನು ನಾನು ವಾದವಾಗಿ ಬಳಸುವುದಿಲ್ಲ. ಬೇಡವೆಂದ ಗಳಿಗೆಯಲ್ಲಿ ಟೆಟ್ಜೆನ್ ಅವರಿಗೆ ಅದು ತಿಳಿದಿರಲಿಲ್ಲ. ಒಮ್ಮೆ ಒಪ್ಪಿದರೆ ಅದು ಒಬ್ಬ ಕೈದಿಗೆ ನಿಲ್ಲುವುದಿಲ್ಲ ಎಂಬುದು ಮಾತ್ರ ತಿಳಿದಿತ್ತು.

ಹಾಗೆಯೇ ಆಯಿತು. 1957ರ ಜನವರಿಯಲ್ಲಿ ನಗರದ ಭದ್ರತೆ ಜನರಲ್ ಜಾಕ್ ಮಸ್ಸು ಅವರ ಪ್ಯಾರಾಟ್ರೂಪರ್‌ಗಳ ಕೈಗೆ ಹೋದ ಮೇಲೆ ವಿದ್ಯುತ್ ಶಾಕ್ ಕೊಡುವುದು, ನೀರಿನಲ್ಲಿ ಉಸಿರುಗಟ್ಟಿಸುವುದು ವಿಚಾರಣೆಯ ಮಾಮೂಲಿ ಕ್ರಮವಾದವು. ಟೆಟ್ಜೆನ್ ಅವರ ಲೆಕ್ಕದಲ್ಲಿ 3,024 ಬಂಧಿತರು ಕಾಣೆಯಾದರು. ಹದಿನಾಲ್ಕು ವರ್ಷಗಳ ಹಿಂದೆ ನಾಜಿಗಳ ರಹಸ್ಯ ಪೊಲೀಸ್ ಪಡೆ ಗೆಸ್ಟಾಪೊ ತಮಗೆ ಕೊಟ್ಟಿದ್ದ ಹಿಂಸೆಯ ಗುರುತುಗಳನ್ನೇ ಕೆಲವು ಬಂಧಿತರ ಮೈಮೇಲೆ ಕಂಡೆನೆಂದು ಅವರು ಮಾರ್ಚ್‌ನಲ್ಲಿ ರಾಜೀನಾಮೆ ಪತ್ರ ಬರೆದರು. ಚಿತ್ರಹಿಂಸೆ ಅನಿವಾರ್ಯವಾಗಿರಲಿಲ್ಲ ಎಂದು ಸ್ವತಃ ಮಸ್ಸು 2000ದಲ್ಲಿ ಒಪ್ಪಿಕೊಂಡರು.

ಹಿಂಸೆಯಿಂದ ಮಾಹಿತಿ ಸಿಗುವುದೇ ಇಲ್ಲವೆಂದು ನಾನು ಹೇಳಲಾರೆ. ಆದರೆ ನೋವು ತಾಳಲಾರದವನು ಎದುರಿಗಿರುವವನಿಗೆ ಬೇಕಾದ್ದನ್ನೇ ಹೇಳುತ್ತಾನೆ. ಈಜಿಪ್ಟಿನಲ್ಲಿ ಹಿಂಸೆಗೆ ಒಳಗಾದ, ಅಲ್‌ಕೈದಾ ನಂಟಿನ ಶಂಕಿತ ಇಬ್ನ್ ಅಲ್‌ಶೇಖ್ ಅಲ್‌ಲಿಬಿ, ಇರಾಕ್ ಅಲ್‌ಕೈದಾಗೆ ರಾಸಾಯನಿಕ ಅಸ್ತ್ರಗಳ ತರಬೇತಿ ಕೊಟ್ಟಿತೆಂದು ಹೇಳಿದ್ದನ್ನು ಅಮೆರಿಕ 2003ರ ಫೆಬ್ರುವರಿಯಲ್ಲಿ ವಿಶ್ವಸಂಸ್ಥೆಯ ಮುಂದಿಟ್ಟು ಯುದ್ಧಕ್ಕೆ ಕಾರಣ ಮಾಡಿಕೊಂಡಿತು. ಆ ಹೇಳಿಕೆಯನ್ನು ಅವನು ಮುಂದೆ ಹಿಂತೆಗೆದುಕೊಂಡ.

ಕಾನೂನಿನ ಮಾತು ಸ್ಪಷ್ಟವಿದೆ: 1984ರ ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದದ ಎರಡನೆಯ ವಿಧಿ, ಯುದ್ಧವನ್ನೂ ಸೇರಿಸಿ, ಯಾವ ಅಸಾಧಾರಣ ಪರಿಸ್ಥಿತಿಯನ್ನೂ ಚಿತ್ರಹಿಂಸೆಗೆ ಸಮರ್ಥನೆಯೆಂದು ಒಪ್ಪುವುದಿಲ್ಲ. ಭಾರತ 1997ರಲ್ಲಿ ಅದಕ್ಕೆ ಸಹಿ ಹಾಕಿದೆ, ಅನುಮೋದಿಸಿಲ್ಲ. ಇದು ನನ್ನನ್ನು ಬಹಳ ನೋಯಿಸುವ ವಿಷಯ.

ಉಳಿಯುವ ಜೀವಗಳನ್ನು ಎಣಿಸುವಾಗ ಮೊರಿಸ್ ಒದಾಂ ಅವರನ್ನೂ ಎಣಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅಲ್ಜಿಯರ್ಸ್ ವಿಶ್ವವಿದ್ಯಾಲಯದ 25 ವರ್ಷದ ಈ ಗಣಿತ ಅಧ್ಯಾಪಕರನ್ನು 1957ರ ಜೂನ್‌ನಲ್ಲಿ ಸೈನಿಕರು ಹಿಡಿದೊಯ್ದರು. ತಪ್ಪಿಸಿಕೊಂಡು ಓಡಿಹೋದರೆಂದು ಸೈನ್ಯ ಅವರ ಪತ್ನಿಗೆ ಹೇಳಿತು. ಅದು ಸುಳ್ಳಾಗಿತ್ತು. ಹಿಂಸೆಯ ವ್ಯವಸ್ಥೆಗೇ ಅವರು ಬಲಿಯಾದರೆಂದು ಫ್ರಾನ್ಸಿನ ಅಧ್ಯಕ್ಷರ ಬಾಯಿಂದ ಕೇಳಲು ಆ ಪತ್ನಿ 2018ರವರೆಗೆ ಕಾಯಬೇಕಾಯಿತು.